ಮೊಂಟಾನಾದಲ್ಲಿ ಗಾಳ ಹಾಕುವ ಮುನ್ನ ನೀರು ನೋಡುವ ಬಗೆ

ಅಮೆರಿಕದ ಮೊಂಟಾನಾ ರಾಜ್ಯದ ಪಶ್ಚಿಮಕ್ಕೆ ರಾಕಿ ಪರ್ವತ, ಪೂರ್ವಕ್ಕೆ ಹುಲ್ಲುಗಾವಲಿನ ಬಯಲು. ಬೆಟ್ಟದ ಹೊಳೆಗಳಲ್ಲಿ ತಣ್ಣೀರಿನ ಮೀನಾದ ಟ್ರೌಟ್, ಬಯಲಿನ ಜಲಾಶಯಗಳಲ್ಲಿ ವಾಲೈ ಎಂಬ ಬೇಟೆಗಾರ ಮೀನು. ಎರಡೂ ಕಡೆ ಮೀನು ಕಚ್ಚುವುದು ಎರೆಗಿಂತ ಹೆಚ್ಚಾಗಿ ಅವತ್ತಿನ ನೀರಿನ ಮೇಲೆ ನಿಂತಿದೆ.

ಮೊದಲು ಹರಿವು. ಮ್ಯಾಡಿಸನ್, ಯೆಲ್ಲೋಸ್ಟೋನ್ ಮುಂತಾದ ಹೊಳೆಗಳ ಅಳತೆಯನ್ನು ಅಮೆರಿಕದ ಭೂವಿಜ್ಞಾನ ಸಮೀಕ್ಷಾ ಸಂಸ್ಥೆ ಯುಎಸ್‌ಜಿಎಸ್ ಅಂತರ್ಜಾಲದಲ್ಲಿ ಹಾಕುತ್ತಲೇ ಇರುತ್ತದೆ. ಕೆಆರ್‌ಎಸ್ ಒಳಹರಿವಿಗೆ ನಮ್ಮ ಪತ್ರಿಕೆಗಳು ಬರೆಯುವ ಕ್ಯೂಸೆಕ್ ಲೆಕ್ಕವೇ ಇಲ್ಲಿಯೂ. ಇವತ್ತಿನ ಅಂಕಿಯೊಂದನ್ನೇ ನೋಡಿದರೆ ಏನೂ ತಿಳಿಯದು, ಏಳು ದಿನದ ಹರಿವಿನ ಗೆರೆ (ಗ್ರಾಫ್) ತೆಗೆದು ನೋಡಿ. ಗೆರೆ ಏರುತ್ತಿದ್ದರೆ ಹೊಳೆ ಮಣ್ಣು, ಕಸಕಡ್ಡಿ ಹೊತ್ತು ಬರುತ್ತಿದೆ, ಹೋಗಿ ಪ್ರಯೋಜನವಿಲ್ಲ. ಎರಡು ಮೂರು ದಿನದಿಂದ ಇಳಿಯುತ್ತಾ ಬಂದಿದ್ದರೆ ಹೊರಡಿ. ಮೇ ಮಧ್ಯದಿಂದ ಜೂನ್ ಮಧ್ಯದವರೆಗೆ ಸಾಮಾನ್ಯವಾಗಿ ಹಿಮ ಕರಗಿದ ಕೆನ್ನೀರು. ಆಗಲೂ ಸಣ್ಣ ತೊರೆಗಳಲ್ಲಿ ಬೆಳಗಿನ ಹೊತ್ತು ನೀರು ಇಳಿದು ತಿಳಿಯಾಗಿರುತ್ತದೆ, ಯಾಕೆಂದರೆ ಹಗಲು ಕರಗಿದ್ದು ಬಂದು ಸೇರುವುದು ಸಂಜೆಗೆ.

ತಿಳಿ ಎಷ್ಟೆಂದು ನೋಡಲು ಉಪಕರಣ ಬೇಡ. ದಡದ ಪಕ್ಕ ಮೊಣಕಾಲುದ್ದ ನೀರಿನಲ್ಲಿ ನಿಂತು ಬೂಟಿನ ತುದಿ ನೋಡಿ. ಕಂಡರೆ ಸಾಕು. ಕಾಣದಿದ್ದರೆ ಹೊಳೆಯ ನಡುವನ್ನು ಬಿಟ್ಟು ದಡದ ಪಕ್ಕ, ಬಂಡೆಯ ಹಿಂದೆ, ಸೆಳವು ಮೆತ್ತಗಿರುವ ಕಡೆ ಗಾಳ ಬಿಡಿ. ರಾಡಿ ನೀರಲ್ಲಿ ಮೀನು ಅಲ್ಲೇ ಒತ್ತಿ ನಿಂತಿರುತ್ತದೆ. ಎರೆ ದೊಡ್ಡದಿರಲಿ, ಕಪ್ಪಗಿರಲಿ.

ಬೇಸಿಗೆಯಲ್ಲಿ ಎಲ್ಲಕ್ಕಿಂತ ಮುಖ್ಯ ಉಷ್ಣಾಂಶ. ಥರ್ಮಾಮೀಟರಿಗೆ ದಾರ ಕಟ್ಟಿ, ನೆರಳಿರುವ ಕಡೆ, ಹರಿಯುವ ನೀರಿನಲ್ಲಿ ಒಂದಡಿ ಆಳಕ್ಕೆ ಎರಡು ನಿಮಿಷ ಬಿಡಿ. ದಡದ ನಿಂತ ನೀರಲ್ಲಿ ಅಳೆದರೆ ಸುಳ್ಳು ಲೆಕ್ಕ ಸಿಗುತ್ತದೆ. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಮತ್ತೊಮ್ಮೆ ನೋಡಿ. 10ರಿಂದ 16 ಡಿಗ್ರಿ ಸೆಲ್ಸಿಯಸ್ ಟ್ರೌಟ್‌ಗೆ ಹಿತ. 20 ಮುಟ್ಟುವ ಹೊತ್ತಿಗೆ ಗಾಳ ಮಡಚಿಬಿಡಿ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ, ಮೀನಿನ ದೇಹಕ್ಕೆ ಬೇಕಾಗುವುದು ಹೆಚ್ಚು. ಎಳೆದಾಡಿಸಿ ಬಿಟ್ಟ ಮೀನು ಈಜಿ ಹೋದಂತೆ ಕಂಡರೂ ಆಮೇಲೆ ಸಾಯಬಹುದು. ನೀರು ಸತತ ಮೂರು ದಿನ 73 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 23 ಸೆಲ್ಸಿಯಸ್ ಮುಟ್ಟಿದರೆ, ಮಧ್ಯಾಹ್ನ 2ರಿಂದ ಮಧ್ಯರಾತ್ರಿಯವರೆಗೆ ಗಾಳಕ್ಕೆ ನಿಷೇಧ ಹೇರುವ ಕ್ರಮ ರಾಜ್ಯದಲ್ಲಿದೆ. ‘ಹೂಟ್ ಔಲ್’ ಎಂದು ಅದಕ್ಕೆ ಹೆಸರು. ಹೊರಡುವ ದಿನವೇ ರಾಜ್ಯದ ಮೀನು, ವನ್ಯಜೀವಿ ಇಲಾಖೆಯ ನಿರ್ಬಂಧಗಳ ಪಟ್ಟಿ ನೋಡಿಕೊಳ್ಳಿ. ಇದು ಕಾಗದದ ನಿಯಮವಲ್ಲ: 2016ರ ಆಗಸ್ಟ್‌ನಲ್ಲಿ ಪರೋಪಜೀವಿಯಿಂದ ಬರುವ ಮೂತ್ರಪಿಂಡದ ರೋಗಕ್ಕೆ ಯೆಲ್ಲೋಸ್ಟೋನ್‌ನಲ್ಲಿ ಸಾವಿರಾರು ವೈಟ್‌ಫಿಶ್ ಸತ್ತು, ಹೊಳೆಯ 183 ಮೈಲಿ ಮುಚ್ಚಬೇಕಾಯಿತು. ಬಿಸಿ ನೀರು, ಕಡಿಮೆ ಹರಿವು ಆ ರೋಗವನ್ನು ಹೆಚ್ಚಿಸಿದ್ದವು.

ಹಿಡಿದು ಮತ್ತೆ ನೀರಿಗೆ ಬಿಡುವ ಮೀನಿಗಾಗಿ ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಮಾಡಿ. ದಾರ ತೀರಾ ತೆಳ್ಳಗಿದ್ದರೆ ಮೀನನ್ನು ಬೇಗ ಎಳೆಯಲಾಗದೆ ಅದು ದಣಿಯುತ್ತದೆ, ಸ್ವಲ್ಪ ದಪ್ಪದ್ದೇ ಇರಲಿ. ಕೈ ಒದ್ದೆ ಮಾಡಿಕೊಂಡು ಮುಟ್ಟಿ. ಒಣಗೈ ತಾಗಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ. ಮೂತಿಯನ್ನು ಸೆಳವಿಗೆ ಎದುರಾಗಿ ಹಿಡಿದಿರಿ. ಕಿವಿರು ಒಂದೇ ಲಯದಲ್ಲಿ ತೆರೆದು ಮುಚ್ಚತೊಡಗಿ, ಬಾಲ ನಿಮ್ಮ ಬೆರಳನ್ನು ತಳ್ಳಿದ ಮೇಲೆ ಕೈ ಸಡಿಲಿಸಿ.

ಬಯಲಿನ ಲೆಕ್ಕವೇ ಬೇರೆ. ಮಿಸೌರಿ ನದಿಯ ಫೋರ್ಟ್ ಪೆಕ್ ಜಲಾಶಯ 134 ಮೈಲಿ ಉದ್ದ, ಅಲ್ಲಿ ಗಾಳಿಯೇ ದಾರಿ ತೋರಿಸುತ್ತದೆ. ವಾಲೈಗೆ ಮಬ್ಬು ಬೆಳಕಿನಲ್ಲಿ ಕಣ್ಣು ಚೆನ್ನಾಗಿ ಕಾಣುತ್ತದೆ. ಅಲೆ ಬಡಿದು ಕಲಕಿದ ದಡಕ್ಕೆ ಅದು ಬೇಟೆಗೆ ಬರುತ್ತದೆ, ಹಾಗಾಗಿ ಗಾಳಿ ಬೀಸಿ ಬಡಿಯುವ ಕಡೆಗೇ ಹೋಗಿ. ಏಳು ಗ್ರಾಂ ಜಿಗ್‌ಗೆ (ತಲೆಯಲ್ಲಿ ತೂಕವಿರುವ ಕೊಕ್ಕೆ) ಜಿಗಣೆ ಸಿಕ್ಕಿಸಿ ತಳ ಮುಟ್ಟಿಸಿ, ಅರ್ಧ ಅಡಿ ಎತ್ತಿ ಮತ್ತೆ ಬಿಡಿ. ಇಳಿಯುವಾಗಲೇ ಹೆಚ್ಚಾಗಿ ಕಚ್ಚುವುದು, ಆಗ ದಾರ ಸಡಿಲವಾದರೆ ಗೊತ್ತೇ ಆಗದು. ಸಣ್ಣ ದೋಣಿಯಾದರೆ ಅಲೆಯ ತುದಿ ಬೆಳ್ಳಗೆ ಒಡೆಯತೊಡಗಿದ ಕೂಡಲೇ ದಡ ಸೇರಿ. ದೋಣಿ ತಂದವರು ದೋಣಿಗೆ ಅಂಟಿ ಬರುವ ಹೊರಗಿನ ಜಲಜೀವಿಗಳನ್ನು ಹುಡುಕಲು ದಾರಿಯಲ್ಲಿ ಇಟ್ಟಿರುವ ತಪಾಸಣಾ ಠಾಣೆಯಲ್ಲಿ ನಿಲ್ಲಿಸಲೇಬೇಕು.

ಬಯಲಿನ ಸಣ್ಣ ಕೆರೆಗಳಿಗೆ ವಸಂತದಲ್ಲಿ ಹೋಗುವವರು ಮೊದಲು ದಡ ಸುತ್ತಿ ನೋಡಿ. ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ಹಿಮ ದಪ್ಪಗೆ ಕೂತರೆ ಬೆಳಕಿಲ್ಲದೆ ಜಲಸಸ್ಯಗಳು ಆಮ್ಲಜನಕ ಕೊಡುವುದಿಲ್ಲ, ಮೀನು ಒಳಗೇ ಉಸಿರುಕಟ್ಟುತ್ತದೆ. ದಡದುದ್ದಕ್ಕೂ ಬಿಳಿಚಿದ ಸತ್ತ ಮೀನು, ಕೊಳೆತ ಮೊಟ್ಟೆಯ ವಾಸನೆ ಇದ್ದರೆ ಬೇರೆ ಕೆರೆ ಹುಡುಕಿ.