ಡೆಂಟಲ್ ಸೀಟು ತೆಗೆದುಕೊಳ್ಳುವ ಮೊದಲು ಮೂರು ಬಟ್ಟೆ ಸೋಪು ತನ್ನಿ

ನೀಟ್ ಫಲಿತಾಂಶ ಬಂದ ವಾರ ಮಂಡ್ಯದ ನನ್ನ ಕ್ಲಿನಿಕ್ಕಿಗೆ ಹಲ್ಲುನೋವಿಲ್ಲದವರೂ ಬರುತ್ತಾರೆ. ಅಪ್ಪ, ಅಮ್ಮ, ನಡುವೆ ತಲೆ ತಗ್ಗಿಸಿ ಕೂತ ಮಗಳು. "ಎಂಬಿಬಿಎಸ್ ಸಿಕ್ಕಲ್ಲ ಮೇಡಂ, ಬಿಡಿಎಸ್ ಸಿಕ್ತದೆ. ಇವ್ಳ ಕೈಲಿ ಆಯ್ತದಾ?" ಅಂತ ಸ್ಕೋರ್ ಕಾರ್ಡು ಮುಂದಿಡುತ್ತಾರೆ. ಆ ಹಾಳೆ ನೋಡಿ ಅರ್ಧ ಹೇಳಬಹುದು. ಉಳಿದರ್ಧವನ್ನು ನೀವು ಮನೆಯಲ್ಲೇ ನೋಡಿಕೊಳ್ಳಬೇಕು. ಹೇಗೆ ಅಂತ ಹೇಳುತ್ತೇನೆ. ಕೆಇಎ (ಸೀಟು ಹಂಚುವ ಪರೀಕ್ಷಾ ಪ್ರಾಧಿಕಾರ) ಆಪ್ಷನ್ ಎಂಟ್ರಿ, ಅಂದರೆ ಯಾವ ಕಾಲೇಜು ಬೇಕು ಅಂತ ತುಂಬುವುದು, ಮುಗಿಯುವುದರೊಳಗೆ ಮಾಡಿ ನೋಡಿ.

ಮೊದಲು ಒಟ್ಟು ಅಂಕ ಮರೆತುಬಿಡಿ. ಒಎಂಆರ್ (ಉತ್ತರ ಗುರುತಿಸಿದ ಹಾಳೆ) ಪ್ರತಿ, ಕೀ ಉತ್ತರ ಎರಡನ್ನೂ ಇಟ್ಟುಕೊಂಡು ಬಯಾಲಜಿಗೆ ಎಷ್ಟು ಬಂತು ಲೆಕ್ಕ ಹಾಕಿ. 720ರಲ್ಲಿ 360 ಅದರದ್ದೇ. ಇಬ್ಬರಿಗೂ 400 ಬಂದಿದೆ ಅಂದುಕೊಳ್ಳಿ. ಒಬ್ಬಳಿಗೆ ಬಯಾಲಜಿ 280, ಇನ್ನೊಬ್ಬಳಿಗೆ 180. ಕೌನ್ಸೆಲಿಂಗ್‌ನಲ್ಲಿ ಇಬ್ಬರೂ ಅಕ್ಕಪಕ್ಕ. ಮೊದಲ ವರ್ಷ ಮಾತ್ರ ಇಬ್ಬರಿಗೂ ಒಂದೇ ಥರ ಇರುವುದಿಲ್ಲ. ಯಾಕೆಂದರೆ ಆ ವರ್ಷ ಪೂರ್ತಿ ಅನಾಟಮಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಡೆಂಟಲ್ ಅನಾಟಮಿ. ಫಿಸಿಕ್ಸ್ ಮತ್ತೆ ಸ್ವಲ್ಪ ತಲೆ ಹಾಕುವುದು ಎರಡನೇ ವರ್ಷದ ಡೆಂಟಲ್ ಮೆಟೀರಿಯಲ್ಸ್‌ನಲ್ಲಿ, ಅಂದರೆ ಹಲ್ಲಿನ ಕೆಲಸಕ್ಕೆ ಬಳಸುವ ವಸ್ತುಗಳ ಪಾಠದಲ್ಲಿ. 180ರವಳು ಬರಬಾರದು ಅಂತಲ್ಲ. ಮೊದಲ ದಿನದಿಂದಲೇ ಓದಬೇಕು, ಅಷ್ಟೇ.

ಪ್ರವೇಶದ ಅಂಕಕ್ಕೂ ಮುಂದಿನ ಓದಿಗೂ ಏನು ನಂಟು ಅಂತ ಬೇರೆ ದೇಶಗಳಲ್ಲಿ ತುಂಬಾ ಅಧ್ಯಯನ ಆಗಿದೆ. ಮೊದಲ ವರ್ಷಗಳ ಥಿಯರಿ ಮಟ್ಟಿಗೆ ಅಂಕ ತಕ್ಕಮಟ್ಟಿಗೆ ಸುಳಿವು ಕೊಡುತ್ತದೆ. ರೋಗಿ ಕುರ್ಚಿಯಲ್ಲಿ ಕೂತ ಮೇಲೆ ಆ ಸುಳಿವು ಸಡಿಲವಾಗುತ್ತದೆ. ನಮ್ಮಲ್ಲಿ ಥಿಯರಿಯಲ್ಲೂ 50, ಪ್ರಾಕ್ಟಿಕಲ್‌ನಲ್ಲೂ 50 ಪರ್ಸೆಂಟ್ ಬೇಕು. ಒಂದರಲ್ಲಿ ಜಾಸ್ತಿ ಬಂದದ್ದನ್ನು ಇನ್ನೊಂದಕ್ಕೆ ಸೇರಿಸಿಕೊಳ್ಳುವ ಹಾಗಿಲ್ಲ.

ಈ ಪ್ರಾಕ್ಟಿಕಲ್‌ನಲ್ಲೇ ನಾನು ಬಿದ್ದದ್ದು. ನನ್ನ ಕಾಲಕ್ಕೆ ಸಿಇಟಿ. ರ‍್ಯಾಂಕು ಚೆನ್ನಾಗಿತ್ತು, ಜಂಬ ಅದಕ್ಕಿಂತ ಚೆನ್ನಾಗಿತ್ತು. ದಿನಾ ಪ್ಯಾಸೆಂಜರ್ ರೈಲಿನಲ್ಲಿ ಮೈಸೂರಿಗೆ ಹೋಗಿಬರುತ್ತಿದ್ದೆ. ಮೊದಲ ವ್ಯಾಕ್ಸ್ ಕಾರ್ವಿಂಗ್ ಮೇಲಿನ ಮುಂದಿನ ಬಾಚಿಹಲ್ಲು. ಬೇರು ಬಿಟ್ಟು ಪುಸ್ತಕದ ಅಳತೆ 10.5 ಮಿಲಿಮೀಟರ್ ಉದ್ದ, 8.5 ಅಗಲ. ಅದರ ಎರಡರಷ್ಟು ದೊಡ್ಡದಾಗಿ ಮೇಣದ ದಿಂಡಿನಲ್ಲಿ ಕೆತ್ತಬೇಕಿತ್ತು. ಮೂರು ಗಂಟೆ ಕೆತ್ತಿ ಸರ್ ಹತ್ತಿರ ಒಯ್ದೆ. ಅವರು ಒಂದು ಸಲ ತಿರುಗಿಸಿ ನೋಡಿ, ಹೆಬ್ಬೆರಳಿನಲ್ಲಿ ಅಮುಕಿ, ಡಬ್ಬಿಗೆ ಹಾಕಿದರು. "ರಿಪೀಟ್." ಹೀಗೆ ನಾಲ್ಕು ಸಲ. ಎಲ್ಲಿ ತಪ್ಪಿದೆ ಅಂತ ಒಂದು ಸಲವೂ ಹೇಳಲಿಲ್ಲ. ಆ ಸಿಟ್ಟು ಇನ್ನೂ ಇದೆ. ಪಕ್ಕದ ಬೆಂಚಿನವಳ ರ‍್ಯಾಂಕು ನನಗಿಂತ ಎಷ್ಟೋ ಕೆಳಗೆ. ಅವಳಿಗೆ ಮೊದಲ ಸಲಕ್ಕೇ ಸಹಿ ಬಿತ್ತು. ಆಮೇಲೆ ಬಯೋಕೆಮಿಸ್ಟ್ರಿ ಪಾಸಾಗಲು ಅವಳು ಎರಡು ಸಲ ಕೂರಬೇಕಾಯಿತು, ಅದು ಬೇರೆ ವಿಷಯ.

ಅವಳು ಕೆತ್ತುವುದನ್ನು ಸುಮ್ನೆ ಕೂತು ನೋಡಿದ ಮೇಲೆ ನನಗೆ ಗೊತ್ತಾಯಿತು. ನಾನು ಮುಂದಿನಿಂದ ಮಾತ್ರ ನೋಡಿ ಕೆತ್ತುತ್ತಿದ್ದೆ. ಅವಳು ದಿಂಡಿನ ಮುಂಭಾಗದಲ್ಲೊಂದು, ಪಕ್ಕದಲ್ಲೊಂದು ಚಿತ್ರ ಬರೆದುಕೊಂಡು, ಎರಡು ಚಾಕು ಗೀರಿಗೊಮ್ಮೆ ತಿರುಗಿಸುತ್ತಿದ್ದಳು. ಐದನೆಯದು ಹೇಗೋ ಪಾಸಾಯಿತು.

ಈಗ ಸೋಪಿಗೆ ಬನ್ನಿ. ಮೈಸೂರ್ ಸ್ಯಾಂಡಲ್ ಬೇಡ, ದುಬಾರಿ, ಆಕಾರವೂ ದುಂಡಗೆ. ಚೌಕ ಅಂಚಿರುವ ಬಟ್ಟೆ ಸೋಪು ಮೂರು ತನ್ನಿ. ಒಂದು ಸ್ಕೇಲು, ಪೆನ್ಸಿಲು, ತರಕಾರಿ ಹೆಚ್ಚುವ ಸಣ್ಣ ಚಾಕು ಸಾಕು. ಕನ್ನಡಿಯಲ್ಲಿ ತನ್ನದೇ ಮುಂದಿನ ಹಲ್ಲು ನೋಡಿಕೊಂಡು, 42 ಮಿಲಿಮೀಟರ್ ಉದ್ದ, 34 ಅಗಲ ಬರುವಂತೆ ಮಗು ಕೆತ್ತಲಿ. ಅಂದರೆ ನಿಜವಾದದ್ದರ ನಾಲ್ಕರಷ್ಟು. ಎರಡು ಗಂಟೆ ಬಿಡಿ. ನೀವು ಪಕ್ಕದಲ್ಲಿ ಕೂತು ಸಲಹೆ ಕೊಡಬೇಡಿ, ದಯವಿಟ್ಟು.

ಹಲ್ಲು ಚೆಂದ ಬಂತಾ ಅಂತ ನಾನು ಕೇಳುವುದೇ ಇಲ್ಲ. ಮೊದಲ ಸಲ ಯಾರದ್ದೂ ಚೆಂದ ಬರುವುದಿಲ್ಲ. ನಾನು ಕೇಳುವುದು ಬೇರೆ. ಕೊಯ್ಯುವ ಮೊದಲು ಅಳೆದಳಾ? ಮೂಲೆ ಮುರಿದಾಗ ಎರಡನೇ ಸೋಪು ತಾನೇ ಎತ್ತಿಕೊಂಡಳಾ, ಇಲ್ಲಾ ಮೊಬೈಲ್ ಎತ್ತಿಕೊಂಡಳಾ? ಕೈಚಳಕ ಕಲಿಸಬಹುದು. ಮತ್ತೆ ಶುರು ಮಾಡುವ ಬುದ್ಧಿಯನ್ನು ಯಾವ ಕಾಲೇಜೂ ಕಲಿಸಿದ್ದು ನಾನು ಕಂಡಿಲ್ಲ.

ಇದು ನನ್ನ ತಲೆಯಲ್ಲೇ ಹುಟ್ಟಿದ ಹುಚ್ಚಲ್ಲ. ಕೆನಡಾದಲ್ಲಿ ಡೆಂಟಲ್ ಪ್ರವೇಶ ಪರೀಕ್ಷೆಗೇ ಬಹಳ ವರ್ಷ ಸೋಪು ಕೆತ್ತಿಸುತ್ತಿದ್ದರು, ಆಮೇಲೆ ಕೈಬಿಟ್ಟರು. ಅಮೆರಿಕದಲ್ಲಿ ಒಂದು ಕಾಲಕ್ಕೆ ಸೀಮೆಸುಣ್ಣ ಕೆತ್ತಿಸುತ್ತಿದ್ದರು. ಈಗ ಅದರ ಬದಲು ಆಕಾರ, ಕೋನ ಗುರುತಿಸುವ ಪ್ರಶ್ನೆಗಳಿವೆ. ನಮ್ಮ ನೀಟ್‌ನಲ್ಲಿ ಅದೂ ಇಲ್ಲ. ಅದಕ್ಕೇ ಮನೆಯಲ್ಲಿ ಮಾಡಿ ಅನ್ನುತ್ತಿದ್ದೇನೆ.

ಎರಡನೆಯದು ಕನ್ನಡಿ. ಮೇಲಿನ ದವಡೆ ಹಲ್ಲನ್ನು ನಾವು ನೇರ ನೋಡಿ ಕೊರೆಯುವುದು ಕಡಿಮೆ, ಬಾಯೊಳಗಿನ ಪುಟ್ಟ ಕನ್ನಡಿಯಲ್ಲೇ ನೋಡಬೇಕು. ಮೇಜಿನ ಮೇಲೆ ಹಾಳೆ, ಎದುರಿಗೆ ಕನ್ನಡಿ ಇಡಿ. ಕೈ ನೇರ ಕಾಣದ ಹಾಗೆ ಪುಸ್ತಕ ಅಡ್ಡ ಹಿಡಿದು, ಕನ್ನಡಿ ನೋಡಿಕೊಂಡೇ ಒಂದು ನಕ್ಷತ್ರದ ಗೆರೆ ತಿದ್ದಲು ಹೇಳಿ. ಮೊದಲು ಪೆನ್ಸಿಲು ಎಲ್ಲೆಲ್ಲೋ ಓಡುತ್ತದೆ. ದಿನಕ್ಕೆ ಹತ್ತರಂತೆ ಒಂದು ವಾರ ತಿದ್ದಲಿ. ಕೊನೆಯ ಹಾಳೆಯನ್ನು ಮೊದಲನೆಯದರ ಪಕ್ಕ ಇಟ್ಟು ನೋಡಿ.

ಮೂರನೆಯದು, ಗೊತ್ತಿರುವ ಡೆಂಟಿಸ್ಟ್ ಹತ್ತಿರ ಕೇಳಿಕೊಂಡು ಅರ್ಧ ದಿನ ಕ್ಲಿನಿಕ್ಕಿನಲ್ಲಿ ಕೂರಿಸಿ. ಹೊಗೆಸೊಪ್ಪಿನ ಬಾಯಿ ವಾಸನೆ, ಕಬ್ಬು ಸಿಗಿಯಲು ಹೋಗಿ ಹಲ್ಲು ಮುರಿದುಕೊಂಡ ಅಜ್ಜ, ಅಳುವ ಮಗು, ಎಲ್ಲಾ ಒಂದೇ ಬೆಳಿಗ್ಗೆ ಸಿಗುತ್ತದೆ. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್ ಆದ ಮೇಲೆ ಇದೇ ಕೆಲಸ ಅಲ್ವಾ? ಸಂಜೆ ಮನೆಗೆ ಬಂದು ಆ ಅಜ್ಜನ ವಿಷಯ ಮಾತಾಡಿದರೆ ಒಳ್ಳೆಯ ಲಕ್ಷಣ.

ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಮಾತು. ಪಾಠ ಅರ್ಥವಾಗಿರುತ್ತದೆ, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಬಾಯಿ ಕಟ್ಟುತ್ತದೆ. ಈಗಿನಿಂದಲೇ ದಿನಕ್ಕೊಂದು ಪುಟ ಇಂಗ್ಲಿಷ್‌ನಲ್ಲಿ ಜೋರಾಗಿ ಓದಿ, ಪುಸ್ತಕ ಮುಚ್ಚಿ, ಹೇಳಿ ನೋಡಿ.

ಹಿಂದಿನ ವರ್ಷ ನಾಗಮಂಗಲ ಕಡೆಯ ಹುಡುಗನೊಬ್ಬ ಮೂರೂ ಸೋಪು ಕವರಿನಲ್ಲಿ ಹಾಕಿಕೊಂಡು ಬಂದಿದ್ದ. ಮೊದಲನೆಯದು ಬೆಲ್ಲದ ಅಚ್ಚಿನ ಹಾಗಿತ್ತು. ಮೂರನೆಯದೂ ಸೊಟ್ಟಗೇ ಇತ್ತು, ಆದರೆ ಅಂಚಿನ ಮೇಲೆಲ್ಲಾ ಪೆನ್ಸಿಲ್ ಗುರುತು. "ಎಷ್ಟು ಸಲ ಅಳೆದೆ?" ಅಂದೆ. "ಲೆಕ್ಕ ಇಟ್ಟಿಲ್ಲ ಮೇಡಂ" ಅಂದ. ಸೀಟು ತಗೋ ಅಂದೆ. ಅವನಮ್ಮ ಮೂರನ್ನೂ ವಾಪಸ್ ಕವರಿಗೆ ಹಾಕಿಕೊಂಡರು, ಬಟ್ಟೆಗಾಯ್ತದೆ ಅಂತ.