ಹಳೆಯ ಬರೋಸಾ ಶಿರಾಜ್: ಇಡುವಾಗ, ತೆರೆಯುವಾಗ

ಬರೋಸಾ ಶಿರಾಜ್ ಎಂದರೆ ದಕ್ಷಿಣ ಆಸ್ಟ್ರೇಲಿಯಾದ ಬರೋಸಾ ಕಣಿವೆಯ, ಶಿರಾಜ್ ದ್ರಾಕ್ಷಿಯ ಕೆಂಪು ವೈನ್. 15–20 ವರ್ಷ ಇಡುವ ಬಾಟಲಿಗೆ 12–15 ಡಿಗ್ರಿ ಸೆಲ್ಸಿಯಸ್ ಸಾಕು, ಆದರೆ ಅದು ದಿನವೂ ಏರಿಳಿಯಬಾರದು. ಬಿಸಿಗೆ ವೈನ್ ಹಿಗ್ಗಿ ಕಾರ್ಕನ್ನು ತಳ್ಳುತ್ತದೆ, ತಣಿದಾಗ ಗಾಳಿ ಒಳಗೆಳೆದುಕೊಳ್ಳುತ್ತದೆ. ಫ್ರಿಜ್ಜಿನ ತಲೆಯ ಮೇಲಂತೂ ಬೇಡವೇ ಬೇಡ. ಕಾರ್ಕ್ ಒಣಗದಂತೆ ಬಾಟಲಿ ಮಲಗಿರಲಿ; ಸ್ಕ್ರೂ ಕ್ಯಾಪ್ ಇದ್ದರೆ ಹೇಗಿಟ್ಟರೂ ನಡೆಯುತ್ತದೆ.

ತೆರೆಯುವ ಮುನ್ನ ಕನಿಷ್ಠ 24 ಗಂಟೆ ನೆಟ್ಟಗೆ ನಿಲ್ಲಿಸಿ, ಗಸಿ ತಳಕ್ಕಿಳಿಯಲಿ. ಹಳೆಯ ಕಾರ್ಕ್ ಸುರುಳಿ ಓಪನರಿಗೆ ಪುಡಿಯಾಗುವುದೇ ಹೆಚ್ಚು. ಎರಡು ತೆಳು ಅಲಗುಗಳ ಓಪನರನ್ನು ಕಾರ್ಕಿನ ಬದಿಗಳಲ್ಲಿ ಅತ್ತಿತ್ತ ಅಲುಗಿಸುತ್ತಾ ಇಳಿಸಿ, ತಿರುಗಿಸುತ್ತಾ ಮೇಲೆತ್ತಿ. ಬಾಟಲಿಯ ಕತ್ತಿನ ಹಿಂದೆ ಟಾರ್ಚ್ ಹಿಡಿದು, ನಡುವೆ ನಿಲ್ಲಿಸದೆ ಡಿಕ್ಯಾಂಟರಿಗೆ (ವೈನ್ ಬಗ್ಗಿಸಿಡುವ ಗಾಜಿನ ಹೂಜಿ) ಬಗ್ಗಿಸಿ. ಗಸಿಯ ಎಳೆ ಕತ್ತಿಗೆ ಬಂದೊಡನೆ ನಿಲ್ಲಿಸಿ. ಕೊನೆಯ 50 ಮಿಲಿಯ ಆಸೆ ಬಿಡಿ.

ಎಳೆಯ ಶಿರಾಜಿನಂತೆ ಇದನ್ನು ಗಂಟೆಗಟ್ಟಲೆ ಗಾಳಿಗೆ ಬಿಟ್ಟರೆ ಸುವಾಸನೆ ಹಾರಿಹೋಗುತ್ತದೆ. 16–18 ಡಿಗ್ರಿಯಲ್ಲಿ ಕೂಡಲೇ ಒಂದು ಗುಟುಕು ನೋಡಿ, ಸುವಾಸನೆ ಇನ್ನೂ ಬಿಚ್ಚಿಕೊಳ್ಳದೆ ಬಿಗಿಯಾಗಿದ್ದರಷ್ಟೇ ಅರ್ಧ ಗಂಟೆ ಕಾಯಿರಿ. ಲೋಟದ ಅಂಚಿನಲ್ಲಿ ಇಟ್ಟಿಗೆ ಬಣ್ಣ, ಚರ್ಮ, ಒಣಹಣ್ಣಿನ ವಾಸನೆ ವಯಸ್ಸಿನ ಗುಣವೇ. ಒದ್ದೆ ರಟ್ಟಿನ ವಾಸನೆ ಬಂದರೆ ಮಾತ್ರ ಕಾರ್ಕ್ ಕೆಟ್ಟಿದೆ, ಎಷ್ಟು ಹೊತ್ತು ಕಾದರೂ ಅದು ಹೋಗದು.