ಪಾದ ನೋವು, ಗಂಟು ಅಂತ ಸ್ಕ್ಯಾನ್‌ಗೆ ಹೋಗೋಕಿಂತ ಮೊದ್ಲ ಇಷ್ಟ ಮಾಡ್ರಿ

ನಮ್ಮ ಕಾಕಾ ಮುಧೋಳ ಕಡೆ ಕಬ್ಬಿಗೆ ನೀರ ಹಾಯಸಾಕ ಬರಿಗಾಲಿಲೆ ಹೋದಾಗ ಜಾಲಿಮುಳ್ಳ ಚುಚ್ಚಿತ್ತು, ಕಿತ್ತ ಒಗದು ಮರತಬಿಟ್ರು. ನಾಲ್ಕ ತಿಂಗಳ ಮ್ಯಾಲ ಅಂಗಾಲಾಗ ಕಡ್ಲಿಕಾಳಿನಷ್ಟ ಗಂಟು, ಕಾಲ ಊರಿದ್ರ ಜೀವ ಹೋಗೋವಷ್ಟ ನೋವು. ಎಕ್ಸರೇದಾಗ ಏನೂ ಇಲ್ಲ ಅಂತ ಗುಳಿಗಿ ಕೊಟ್ಟ ಕಳಿಸಿದ್ರು. ಆಮ್ಯಾಲ ಬಾಗಲಕೋಟಿಗೆ ಹೋಗಿ ಸೋನೋಗ್ರಾಫಿ ಮಾಡಿಸಿದ್ರ ಸ್ಕ್ರೀನ್ ಮ್ಯಾಲ ಸಣ್ಣ ಬೆಳ್ಳನ ಗೆರಿ, ಅದರ ಬುಡಕ ಕರಿ ನೆರಳು, ಸುತ್ತ ಬಾವು. ಒಳಗ ಮುರದ ಉಳದಿದ್ದ ಮುಳ್ಳಿನ ತುದಿ ಅದು. ಮುಳ್ಳು, ಕಟ್ಟಿಗಿ ಸಿಬರು ಎಕ್ಸರೇದಾಗ ಸಾಮಾನ್ಯವಾಗಿ ಕಾಣೂದಿಲ್ರಿ, ಎಲಬು, ಲೋಹದ ಚೂರು, ಗಾಜು ಕಾಣತಾವು. ಮೊದ್ಲನೇ ಸಲ ಮುಳ್ಳ ಚುಚ್ಚಿದ್ದ ಸುದ್ದೀನ ನಾವ್ ಹೇಳಿರಲಿಲ್ಲ, ಅದ ಇವತ್ತಿಗೂ ನನ್ನ ಕೊರೀತೈತಿ.

ಅದಕ್ಕ ಮೊದ್ಲ ಮನ್ಯಾಗ ಕುಂತು ಒಂದ ಬೆರಳಿಲೆ ಒತ್ತಿ ನೋಡ್ರಿ, ಎಲ್ಲಿ ಹೆಚ್ಚ ನೋವು ಐತಿ ಅಲ್ಲಿ ಪೆನ್ನಿಲೆ ಗುರ್ತ ಹಾಕ್ರಿ. ಎಂದ ಶುರು ಆತು, ಏನರ ಚುಚ್ಚಿತ್ತೇನು, ಗಂಟು ದೊಡ್ಡದ ಆಗಾಕತ್ತೈತೇನು, ಸಕ್ಕರಿ ಕಾಯಿಲೆ ಐತೇನು, ಎಲ್ಲಾ ಚೀಟ್ಯಾಗ ಬರಕೊಂಡ ಹೋಗ್ರಿ. ಯಾವ ಸ್ಕ್ಯಾನ್ ಬೇಕು ಅನ್ನೂದು ಈ ಮಾತಿನ ಮ್ಯಾಲ ನಿಂತಿರತೈತಿ.

ಎಲಬಿನ ನೋವಿಗೆ ಮೊದ್ಲ ಎಕ್ಸರೇನ. ನಿಲ್ಲಾಕ ಆಗತಿದ್ರ ನಿಂತಕೊಂಡ ತಗೀತಾರೇನು ಕೇಳ್ರಿ, ಮೈಭಾರ ಬಿದ್ದಾಗ ಪಾದದ ಎಲಬು ಹೆಂಗ ಕುಂತಾವು ಅನ್ನೂದು ಆಗ ತಿಳೀತೈತಿ. ಆದ್ರ ಯುಗಾದಿ ಮುಂದ ಶ್ರೀಶೈಲಕ್ಕ ಪಾದಯಾತ್ರಿ ಹೋಗಿ ಬಂದು ಕಾಲಬೆರಳಿನ ಹಿಂದಿನ ಎಲಬು ನೋಯಾಕತ್ತಿದ್ರ, ಮೊದಲ 2-3 ವಾರ ಎಕ್ಸರೇ ನಾರ್ಮಲ್ ಬರಬಹುದು. ನಡದ ನಡದ ಎಲಬಿನಾಗ ಸಣ್ಣ ಬಿರುಕ ಬಿಟ್ಟಿರತೈತಿ, ಅದು ಎಂಆರ್‌ಐದಾಗ ಲಗೂನ ಕಾಣತೈತಿ, ಇಲ್ಲಾಂದ್ರ ಕಾಲಿಗೆ ರೆಸ್ಟ್ ಕೊಟ್ಟು ಎರಡ ಮೂರ ವಾರ ಬಿಟ್ಟು ಮತ್ತ ಎಕ್ಸರೇ ತಗಸ್ರಿ.

ಮುಂಜಾನೆ ಎದ್ದು ಮೊದ್ಲ ಹೆಜ್ಜಿಗೇನ ಹಿಮ್ಮಡ ಚುಚ್ಚೋದು ಬ್ಯಾರೆ ಕಥಿ. ಅದಕ್ಕ ಬಹಳಷ್ಟ ಸಲ ಡಾಕ್ಟರ್ ಕೈಲೆ ಒತ್ತಿ ನೋಡಿದ್ರ ಸಾಕು. ಎಕ್ಸರೇದಾಗ ಎಲಬು ಬೆಳದೈತಿ ಅಂದ ಕೂಡ್ಲೆ ಆಪರೇಷನ್‌ಗೆ ಹೌಹಾರಬ್ಯಾಡ್ರಿ, ನೋವ ಇಲ್ಲದ ಎಷ್ಟೋ ಮಂದಿಗೂ ಆ ಎಲಬು ಇರತೈತಿ. ಹಿಮ್ಮಡದಿಂದ ಕಾಲಬೆರಳಿನ ಕಡೆ ಹೋಗೋ ಅಂಗಾಲಿನ ಪಟ್ಟಿ ಬಾತು 4 ಮಿಲಿಮೀಟರ್‌ಗಿಂತ ದಪ್ಪ ಆಗೇತೇನು ಅಂತ ಸೋನೋಗ್ರಾಫಿ ಹೇಳತೈತಿ.

ಗಂಟು ಇದ್ರ ಸೋನೋಗ್ರಾಫಿಯಿಂದ ಶುರು ಮಾಡೂದ ಚಲೋ, ಖರ್ಚೂ ಕಮ್ಮಿ. ನೀರ ತುಂಬಿದ ಗಂಟೋ, ಒಳಗ ಗಟ್ಟಿ ಐತೋ ಅಲ್ಲೇ ಗೊತ್ತಾಗತೈತಿ. ನೀವ್ ಹಾಕಿದ ಪೆನ್ನಿನ ಗುರ್ತ ತೋರಸ್ರಿ, ಯಂತ್ರ ಅಲ್ಲೇ ಇಟ್ಟ ನೋಡ್ತಾರ. ಗಟ್ಟಿ ಐತಿ, ಆಳ ಐತಿ, ಬೆಳ್ಯಾಕತ್ತೈತಿ ಅಂದ್ರ ಎಂಆರ್‌ಐ ಆಗೋತನಕ ಯಾರ ಹತ್ರಾನೂ ಕೊಯ್ಸಬ್ಯಾಡ್ರಿ, ದಯವಿಟ್ಟು. ಹೊಲದ ಕೆಲಸದವರಿಗೆ ನೋವ ಇಲ್ಲದ ಪಾದ ಬಾತು, ತೂತ ಬಿದ್ದು, ಕೀವಿನ ಜೋಡಿ ಸಾಸ್ವಿಯಂಥ ಕಾಳು ಬರಾಕತ್ರ ಅದು ಮೈಸೆಟೋಮಾ, ಅಂದ್ರ ಮಣ್ಣಿನಾಗಿನ ಬೂಷ್ಟು ಇಲ್ಲಾ ಬ್ಯಾಕ್ಟೀರಿಯಾ ಗಾಯದಾಗ ಹೊಕ್ಕು ಆಗೋ ರೋಗ, ಇರಬಹುದು. ಎಲಬಿಗೆ ಹೊಕ್ಕೈತೇನು ಅಂತ ಎಕ್ಸರೇ, ಎಂಆರ್‌ಐ ಎರಡೂ ನೋಡ್ತಾರ, ಆ ಕಾಳನ್ನೂ ಲ್ಯಾಬಿಗೆ ಕಳಸ್ತಾರ.

ಸಕ್ಕರಿ ಕಾಯಿಲೆ ಇದ್ದವರ ಪಾದ ಒಮ್ಮೆಲೆ ಕೆಂಪಾಗಿ, ಬಿಸಿಯಾಗಿ ಬಾತ್ರ ನೋವ ಇಲ್ಲಂತ ಸುಮ್ನ ಕುಂದ್ರಬ್ಯಾಡ್ರಿ. ಅವತ್ತ ದವಾಖಾನಿಗೆ ಹೋಗ್ರಿ, ಎಕ್ಸರೇ ಸರಿ ಐತಿ ಅಂದ್ರೂ ಎಂಆರ್‌ಐ ಬೇಕೇನ್ರಿ ಅಂತ ಕೇಳ್ರಿ, ಅಲ್ಲೀತನಕ ಆ ಕಾಲ ಊರಬ್ಯಾಡ್ರಿ.

ಎಂಆರ್‌ಐಗೆ ಹೋಗೋಕಿಂತ ಮೊದ್ಲ ಎದ್ಯಾಗ ಪೇಸ್‌ಮೇಕರ್ ಇದ್ರ, ಮೈಯಾಗ ಎಲ್ಲರ ಕಬ್ಬಣದ ಚೂರ ಹೊಕ್ಕಿದ್ರ ಹೇಳಬೇಕು. ಬಸರಿ ಹೆಣ್ಮಕ್ಕಳು ಎಕ್ಸರೇಕ್ಕ ಮೊದ್ಲ ಹೇಳ್ರಿ. ಬರೇ ರಿಪೋರ್ಟ್ ಅಲ್ಲ, ಫಿಲ್ಮ್ ಅಥವಾ ಸಿಡಿ ಇಸ್ಕೊಂಡ ಬರ್ರಿ, ಮುಂದ ವಿಜಯಪುರಕ್ಕೋ ಬೆಳಗಾವಿಗೋ ತೋರಸಾಕ ಹೋದ್ರ ಅಲ್ಲಿಯವರು ಮೊದ್ಲ ಕೇಳೂದ ಹಳೇ ಫಿಲ್ಮು.